ಅಜ್ಜನ ಮಂಡಿಗೆ ಸೂಜಿ, ನನ್ನ ಬಾಯಿಗೆ ಬೀಗ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರನ್ನೇ ಕೇಳಿ, ಒಂದೇ ಕಥೆ ಹೇಳುತ್ತಾರೆ: ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಂಡು ಅಜ್ಜನ ಸಕ್ಕರೆ ಇಳಿಯಿತು, ಅದನ್ನು ಕಂಡು ವಾದ ಮಾಡುವ ಮೊಮ್ಮಗಳ ಬಾಯಿಯೂ ಮುಚ್ಚಿತು. ಆಹಾ! ಎರಡರಲ್ಲಿ ಒಂದು ಅಪ್ಪಟ ಸುಳ್ಳು. ಇನ್ನೊಂದು ನಿಜ, ಆದರೆ ಕಾರಣ ಬೇರೆ. ಹರಪನಹಳ್ಳಿಯಿಂದ ಹಡಗಲಿಯವರೆಗೆ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ತಂದವಳು ನಾನು. ಆ ಕಪ್‌ಗಳಲ್ಲಿ ಅವ್ವ ಸಾಸಿವೆ, ಜೀರಿಗೆ ತುಂಬಿಟ್ಟಿದ್ದಾಳೆ, ಆ ಮಾತು ಬೇರೆ.

ಅಜ್ಜನಿಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಸಾಲದ್ದಕ್ಕೆ ಪಾದದಲ್ಲಿ ಜೋಮು. ಕುರಿ ಹಿಂದೆ ಗುಡ್ಡ ಸುತ್ತಿದ ಕಾಲುಗಳು ಮನೆಮುಂದಿನ ಕಟ್ಟೆ ಹತ್ತಲೂ ಗೊಣಗುತ್ತಿದ್ದವು. ವಾರಕ್ಕೊಮ್ಮೆ ನಮ್ಮೂರಿಗೆ ಬರುವ ಅಕ್ಯುಪಂಕ್ಚರ್ ಮೇಡಂ ಹತ್ತಿರ ಮಂಡಿಗೆಂದು ಹೋಗತೊಡಗಿದ. ಮೂರನೇ ವಾರ ನಾನೂ ಹೊರಟೆ. ಜೊತೆಗಲ್ಲ, ದಂಡೆತ್ತಿ! ಏಳು ಪ್ರಶ್ನೆ ಬರೆದುಕೊಂಡಿದ್ದೆ. "ಇದರಿಂದ ಸಕ್ಕರೆ ಕಾಯಿಲೆ ಹೋಗುತ್ತಾ?" ಎಂದು ಮೊದಲನೆಯದನ್ನು ಬೀಸಿದೆ. "ಇಲ್ಲಮ್ಮ" ಅಂದರು ಮೇಡಂ. "ಬಿಪಿ?" "ಅದಕ್ಕೂ ಡಾಕ್ಟರ್ ಮಾತ್ರೇನೇ. ಮಂಡಿನೋವು ಸ್ವಲ್ಪ ಕಡಿಮೆ ಆಗಬಹುದು. ಆಗದೇನೂ ಇರಬಹುದು." ಎದುರಾಳಿ ಹೀಗೆ ಒಪ್ಪಿಕೊಂಡುಬಿಟ್ಟರೆ ಉಳಿದ ಐದು ಪ್ರಶ್ನೆಗಳನ್ನು ನಾನು ಯಾರ ಮೇಲೆ ಸುರಿಯಲಿ?

ಅಷ್ಟರಲ್ಲಿ ಮಂಚದ ಮೇಲಿಂದ ಅಜ್ಜನ ದೂರು: "ಹೋದ ವಾರ ರಕ್ತಾನ ಬರಲಿಲ್ಲಲ್ರಿ ಮೇಡಂ! ಕುರಿ ಹೊಟ್ಟಿ ಉಬ್ಬಿದ್ರ ನಾವು ಕಿವಿ ಚುಚ್ಚಿ ರಕ್ತ ಬಿಡ್ತಿದ್ವಿ, ಎದ್ದು ಓಡ್ತಿತ್ತು. ಈ ಸಲ ಒಂದೀಟು ಒಳಗ ಹಾಕ್ರಿ."

ಮೇಡಂ ನಗುತ್ತ ಸೂಜಿ ತೆಗೆದರು. "ಬೆಳಿಗ್ಗೆ ಮಾತ್ರೆ ತಗೊಂಡ್ರಾ ಯಜಮಾನ್ರೇ?"

"ಗುಳಿಗಿನಾ? ಬಿಟ್ಟು ಎರಡು ವಾರ ಆತು" ಅಂದ ಅಜ್ಜ, ಬೀಡಿ ಬಿಟ್ಟವರ ಹೆಮ್ಮೆಯಲ್ಲಿ. "ಚುಚ್ಚಿದ ಕುರಿಗೆ ಬ್ಯಾರೆ ಔಷಧ ಹಾಕಂಗಿಲ್ರಿ. ಎರಡೂ ಒಳಗ ಜಗಳಾಡ್ತಾವ."

ಮೇಡಂ ಮುಖದ ನಗು ಹೋಯಿತು, ಸೂಜಿಗಳು ವಾಪಸ್ ಡಬ್ಬಿಗೆ ಹೋದವು, ನಾವು ನೇರ ಡಾಕ್ಟರ ಬಳಿಗೆ ಹೋದೆವು. ಸಕ್ಕರೆ ಗುಡ್ಡ ಹತ್ತಿ ಕೂತಿತ್ತು. ಹೀಗೇ ಬಿಟ್ಟರೆ ಜೋಮು ಹಿಡಿದ ಆ ಪಾದ ಉಳಿಸುವುದೇ ಕಷ್ಟ ಎಂದು ಡಾಕ್ಟರು ಬೈದು ಕಳಿಸಿದರು.

ಆ ಸಂಜೆಯೇ ಶುರುವಾಯಿತು ನೋಡಿ ನನ್ನ ಜೀವಮಾನದ ದೊಡ್ಡ ವಾದ! ಕಾರಣ ಕೊಟ್ಟೆ, ಪುರಾವೆ ಕೊಟ್ಟೆ, ಮೇದೋಜೀರಕ ಗ್ರಂಥಿಯ ಚಿತ್ರ ಬರೆದು ತೋರಿಸಿದೆ. ಅಜ್ಜ ಚಿತ್ರವನ್ನು ತಿರುಗಿಸಿ ನೋಡಿ, "ನೀ ಎಷ್ಟು ಕುರಿ ಸಾಕಿದ್ದಿ ಲೇ?" ಅಂದ. ಯಾವ ತೀರ್ಪುಗಾರರೂ ನನ್ನನ್ನು ಹೀಗೆ ಕೆಡವಿರಲಿಲ್ಲ. ಮೂರನೇ ದಿನ, ದೇವರಾಣೆ, ನನ್ನ ಬಾಯಿಂದ ಬಂದದ್ದು ಇದು: "ಅಜ್ಜಾ, ಮೇಡಂ ಹೇಳ್ಯಾರ, ಗುಳಿಗಿ ನುಂಗಿದ್ರಷ್ಟ ಸೂಜಿ ಹಿಡಿತೈತಂತ. ಕುರಿಗೆ ಮೈತುಂಬ ತುಪ್ಪಳ ಐತಿ, ನಿನಗೆಲ್ಲೈತಿ? ಅದಕ್ಕ ಮನಷ್ಯಾರಿಗೆ ನೇಮ ಬ್ಯಾರೆ."

ಅಜ್ಜ ಅಂಗಿ ಸರಿಸಿ ತನ್ನ ಎದೆ ನೋಡಿಕೊಂಡ. "ಖರೆ ಐತಿ ಬಿಡು" ಎಂದು ನೀರಿನ ಚೊಂಬು ಕೇಳಿದ.

ಗುಳಿಗೆ ನುಂಗಿದ, ವಾರದ ಸೂಜಿಯೂ ಮತ್ತೆ ಶುರುವಾಯಿತು, ಸಕ್ಕರೆ ಇಳಿಯಿತು. ಓಣಿ ಪೂರ್ತಿ ಸೂಜಿಗೆ ಕೈ ಮುಗಿಯಿತು. ಈಗ ಅಜ್ಜ ಗೋಡೆ ಹಿಡಿಯದೆ ಕಟ್ಟೆ ಹತ್ತುತ್ತಾನೆ, ಅದನ್ನೂ ಒಪ್ಪುತ್ತೇನೆ. ಅದು ಸೂಜಿಯ ಗುಣವೋ, ಮೇಡಂ ಅರ್ಧ ಗಂಟೆ ಕೂತು ಅವನ ಕುರಿ ಪುರಾಣ ಕೇಳುವುದರ ಗುಣವೋ, ನನಗೆ ಗೊತ್ತಿಲ್ಲ. ನಿಜ ಹೇಳಿ ಓಣಿಯವರನ್ನು ತಿದ್ದೋಣವೆಂದರೆ ಅಜ್ಜನ ಗುಳಿಗೆ ಮತ್ತೆ ನಿಲ್ಲುತ್ತದೆ.

ಈಗ ಮೇಡಂ ಮುಂದಿನ ತಿಂಗಳು ಪೂರ್ತಿ ಬರುವುದಿಲ್ಲವಂತೆ. ಸೂಜಿ ಹಿಡಿಯಲಿಕ್ಕೆ ಗುಳಿಗೆ ಎಂದವಳು ನಾನೇ. ಸೂಜಿಯೇ ಇಲ್ಲದ ಮೇಲೆ ಗುಳಿಗೆ ಯಾಕೆ? ಇಂಥ ತೂತು ಎದುರಾಳಿಯ ವಾದದಲ್ಲಿ ಸಿಕ್ಕಿದ್ದರೆ ಕುಣಿದುಬಿಡುತ್ತಿದ್ದೆ! ಇವತ್ತು ಬೆಳಿಗ್ಗೆ, ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಯೋಚಿಸುತ್ತ ಕೂತಿದ್ದ ಅಜ್ಜನ ಮುಂದೆ ಹೋಗಿ ಕುಕ್ಕರಿಸಿದೆ.

"ಅಜ್ಜಾ, ಸೂಜಿ ಇಲ್ಲದ ತಿಂಗಳೂ ಇದನ್ನ ನುಂಗ್ತಿ, ಹೌದಿಲ್ಲೋ?"