ಹಳೆಯ ಕಾದಂಬರಿಗಳಿಗೆ ಕೆಂಪು ಮಸಿ

ಮೂವತ್ತನಾಲ್ಕು ವರ್ಷ ಸಿದ್ದಾಪುರ ತಾಲೂಕಿನ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ನನ್ನದು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರಲು ಒಪ್ಪಲಿಲ್ಲ. ಆದುದರಿಂದ ಹೋದ ತಿಂಗಳು ಒಂದು ಘನವಾದ ತೀರ್ಮಾನ ಮಾಡಿದೆ: ಇನ್ನು ಮುಂದೆ ಹಳೆಯ ಕಾದಂಬರಿಕಾರರನ್ನೇ ತಿದ್ದುತ್ತೇನೆ!

ಅದಕ್ಕೆ ಕಾರಣವಿತ್ತು. ನನ್ನ ತಂಗಿ ರೋಹಿಣಿ ಮದುವೆಯಾಗಿ ಕೋಲಸಿರ್ಸಿಗೆ ಹೋಗುವಾಗ ತನ್ನ ಕಾದಂಬರಿಗಳ ಟ್ರಂಕನ್ನು ನಮ್ಮ ಮನೆಯಲ್ಲಿಯೇ ಬಿಟ್ಟಿದ್ದಳು. ಹುಡುಗಿಯಾಗಿದ್ದಾಗ ಅವನ್ನು ಭೂಗೋಳದ ಪುಸ್ತಕದೊಳಗೆ ಅಡಗಿಸಿಕೊಂಡು ಓದುತ್ತಿದ್ದಳು. ನಾನು ಕಂಡೂ ಕಾಣದವನಂತೆ ಇರುತ್ತಿದ್ದೆ. ಈಗ ಅವಳಿಗೆ ಅವನ್ನು ಮತ್ತೆ ಓದುವ ಆಸೆಯಾಗಿತ್ತು. ಕಳಿಸುವ ಮೊದಲು ಧೂಳು ಕೊಡವೋಣವೆಂದು ಕುಳಿತವನು ಒಂದನ್ನು ತೆರೆದೆ. ರಕ್ತದೊತ್ತಡ ಏರಿತು.

ಎಲ್ಲ ಪುಸ್ತಕಗಳಲ್ಲಿಯೂ ಒಬ್ಬ ಶ್ರೀಮಂತನಿಗೆ ಒಬ್ಬ ಮಗ, ಒಬ್ಬಳು ಮಗಳು. ಶ್ರೀಮಂತ ಇಪ್ಪತ್ತನೆಯ ಪುಟದೊಳಗೆ ಸಾಯುತ್ತಾನೆ. ಎಂಬತ್ತನೆಯ ಪುಟದಲ್ಲಿ ಅಣ್ಣನೆಂಬವನು ನಗುನಗುತ್ತ ಒಂದು ಕಾಗದ ತರುತ್ತಾನೆ. ಅವಳು ಓದದೆ ಸಹಿ ಹಾಕುತ್ತಾಳೆ. ಕಾಗದದ ಮೇಲೆ ಒಂದು ಹನಿ ಕಣ್ಣೀರು ಬೀಳುತ್ತದೆ. ಲೇಖಕರು ಆ ಹನಿಯನ್ನು ಮುತ್ತು ಎನ್ನುತ್ತಾರೆ, ಅವಳನ್ನು ತ್ಯಾಗಮೂರ್ತಿ ಎನ್ನುತ್ತಾರೆ, ಪುಸ್ತಕ ಮುಗಿಸಿ ಊಟಕ್ಕೆ ಏಳುತ್ತಾರೆ!

ಕೆಂಪು ಪೆನ್ನು ತೆಗೆದೆ. ಒಂದು ಅಂಚಿನಲ್ಲಿ ‘ಇವನು ಅಣ್ಣನೋ ದರೋಡೆಕೋರನೋ?’ ಎಂದು ಬರೆದೆ. ಇನ್ನೊಂದರಲ್ಲಿ ‘ತಂಗೀ, ಸಹಿ ಹಾಕಬೇಡ. ಅರ್ಧ ಪಾಲು ನಿನ್ನದು, ಕೇಳಿ ತೆಗೆದುಕೋ’ ಎಂದೆ. ಇಡೀ ಬಂಗಲೆಯನ್ನು ನುಂಗಿ ತಂಗಿಗೆ ಎರಡು ಬಳೆ ಕೊಟ್ಟ ಮಹಾಶಯನಿಗೆ ನೂರಕ್ಕೆ ಸೊನ್ನೆ ಕೊಟ್ಟೆ. ಐದು ದಿನಗಳಲ್ಲಿ ಹನ್ನೊಂದು ಕಾದಂಬರಿಗಳು ಮುಗಿದವು. ಸಿಟ್ಟು ಮುಗಿಯಲಿಲ್ಲ.

“ಪುಸ್ತಕದ ಮೇಲೆ ಎಂತಕ್ಕೆ ಕೂಗ್ತ್ರಿ? ಅದು ತಿರುಗಿ ಮಾತಾಡ್ತಿಲ್ಲೆ,” ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ.

ಅದೇ ವಾರ ಇನ್ನೊಂದು ಚಿಕ್ಕ ಕೆಲಸವಿತ್ತು. ನಾವಿರುವ ಸಿದ್ದಾಪುರ ಪೇಟೆಯ ಮನೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿಯೇ ಇತ್ತು. ಅದನ್ನು ನನ್ನ ಹೆಸರಿಗೆ ಮಾಡಿಸಲು ಪತ್ರ ಬರೆಯುವ ಬಸವರಾಜ ಕಾಗದ ಸಿದ್ಧಪಡಿಸಿದ್ದ. ತನ್ನ ಹಕ್ಕು ಬಿಟ್ಟಿದ್ದೇನೆಂದು ರೋಹಿಣಿ ಸಹಿ ಹಾಕಿದರೆ ಆಯಿತು. ನಮ್ಮ ಕಡೆ ಇದನ್ನು ಯಾರೂ ದೊಡ್ಡ ಸಂಗತಿಯೆಂದು ತಿಳಿಯುವುದಿಲ್ಲ. ತಂಗಿಯರು ಬರುತ್ತಾರೆ, ಸಹಿ ಹಾಕುತ್ತಾರೆ, ಒಂದು ಸೀರೆ ತೆಗೆದುಕೊಂಡು, ಹೋಳಿಗೆ ಉಂಡು, ಸಂಜೆಯ ಬಸ್ಸಿಗೆ ಹೋಗುತ್ತಾರೆ. ನಾನೂ ಹಸಿರು ಅಂಚಿನ ಸೀರೆಯೊಂದನ್ನು ತಂದಿಟ್ಟಿದ್ದೆ. ಈ ಕಾಗದಕ್ಕೂ ಆ ಕಾದಂಬರಿಗಳಿಗೂ ಏನಾದರೂ ಸಂಬಂಧವಿದೆಯೆಂದು, ದೇವರಾಣೆಗೂ, ನನಗೆ ಹೊಳೆಯಲಿಲ್ಲ.

ಬುಧವಾರ ನಾನು ಕ್ಷೌರಕ್ಕೆ ಹೋಗಿದ್ದಾಗ ಹೆಂಡತಿ ಹನ್ನೊಂದೂ ಪುಸ್ತಕಗಳನ್ನು ಕಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೋಲಸಿರ್ಸಿಗೆ ಕಳಿಸಿಬಿಟ್ಟಿದ್ದಳು. ನಾನು ರೇಗಾಡಿದೆ. ಏಕೆ? ನನ್ನ ಅಮೂಲ್ಯ ಟಿಪ್ಪಣಿಗಳನ್ನು ಇನ್ನೂ ಪ್ರತಿ ಮಾಡಿಕೊಂಡಿರಲಿಲ್ಲವೆಂದು!

ಶುಕ್ರವಾರ ರೋಹಿಣಿ ಬಂದಳು. ಬಸವರಾಜನ ಮೇಜಿನ ಮುಂದೆ ಕುಳಿತೆವು. ಬನವಾಸಿ ಕಡೆಯವನು, ಬಹಳ ಮರ್ಯಾದಸ್ಥ. “ಅಕ್ಕಾರ, ಇಲ್ಲೊಂದು ಸಹಿ ಮಾಡ್ರಿ, ಇಲ್ಲೊಂದು,” ಎಂದು ಬೆರಳಿಟ್ಟು ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಬಳಿಕ ಚೀಲದಿಂದ ಒಂದು ಕಾದಂಬರಿಯನ್ನು ತೆಗೆದು, ಎಂಬತ್ತನೆಯ ಪುಟ ಬಿಡಿಸಿ, ಅಂಚಿನ ಕೆಂಪು ಟಿಪ್ಪಣಿಯನ್ನು ತರಗತಿಯಲ್ಲಿ ಪಾಠ ಓದುವವಳಂತೆ ಗಟ್ಟಿಯಾಗಿ ಓದಿದಳು. ಸಹಿಗಾಗಿ ಕಾದು ಕುಳಿತಿದ್ದ ಏಳೆಂಟು ಜನ ನಮ್ಮ ಕಡೆ ತಿರುಗಿದರು.

“ಅಣ್ಣಯ್ಯಾ, ಇದು ನಿನ್ನ ಅಕ್ಷರ ಅಲ್ದಾ?”

ಬಸವರಾಜನೂ ಕತ್ತು ಚಾಚಿ ನೋಡಿದ. “ಮಾಸ್ತರ್ರೇ, ದರೋಡೆಕೋರ ಅಂತನೂ ಬರದೀರಲ್ರೀ.”

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅದು ಕಾದಂಬರಿಯ ವಿಷಯ, ಇದು ಮನೆಯ ವಿಷಯ ಎಂದೆ. ಪುಸ್ತಕ ಕಳಿಸಿದ ಹೆಂಡತಿಯನ್ನು, ತಲುಪಿಸಿದ ಕಂಡಕ್ಟರನನ್ನು, ಬರೆಯಲು ಅಷ್ಟು ಅಗಲದ ಅಂಚು ಬಿಟ್ಟ ಮುದ್ರಕರನ್ನು ಸಾಲಾಗಿ ಬೈದೆ.

ರೋಹಿಣಿ ಸಾವಧಾನವಾಗಿ ಕೇಳಿದಳು: “ಕಾದಂಬರಿ ಹುಡುಗಿಗೆ ಅರ್ಧ ಪಾಲು, ಸ್ವಂತ ತಂಗಿ ಎಂಗೆ ಸೀರೆನಾ?”

ನಾನು ಪುಸ್ತಕ ಮುಚ್ಚಲು ಕೈ ಚಾಚಿದೆ. ಅವಳು ಬಿಡಲಿಲ್ಲ.

“ನಿಂಗಳನ್ನ ಮನೆಯಿಂದ ಎಬ್ಬಿಸಲೆ ಬಂದಿದ್ದಲ್ಲ, ಅಣ್ಣಯ್ಯಾ. ನಲವತ್ತು ವರ್ಷ ಆತು, ನೆಂಟರ ಹಾಂಗೆ ಚೀಲ ಹಿಡ್ಕಂಡು ಬತ್ತೆ. ಒಂದು ಸಲನಾದ್ರೂ ‘ಎನ್ನ ಮನೆಗೆ ಹೋಗ್ತೆ’ ಹೇಳಿ ಬಸ್ ಹತ್ತ ಆಸೆ ಇದ್ದು. ಅಷ್ಟೇಯ.”

ಭೂಗೋಳದ ಪುಸ್ತಕದ ಮರೆಯಿಂದ ನೋಡುತ್ತಿದ್ದ ಹುಡುಗಿಯ ಕಣ್ಣುಗಳೇ ಅವು. ಈಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅದು ಉಳಿದ ಎಲ್ಲ ಸಿಟ್ಟುಗಳಿಗಿಂತ ಹೆಚ್ಚು ಸುಡುವಂಥದು. ಕಾಗದವನ್ನು ಹರಿದು ಹಾಕಿ, ಇಬ್ಬರ ಹೆಸರಿಗೂ ಸಮಸಮನಾಗಿ ಹೊಸದನ್ನು ಬರೆ ಎಂದೆ. ಬಸವರಾಜ ಹೊಸ ಹಾಳೆ ತೆಗೆದುಕೊಂಡ.

ಮನೆಗೆ ಬರುವಷ್ಟರಲ್ಲಿ ನಾನು ಸಮಾಜ ಸುಧಾರಕನಾಗಿಬಿಟ್ಟಿದ್ದೆ! ರೋಹಿಣಿಯೂ ಆ ರಾತ್ರಿ ಉಳಿದಳು. ಊಟಕ್ಕೆ ಕುಳಿತು, ಸಿದ್ದಾಪುರದಿಂದ ಯಲ್ಲಾಪುರದವರೆಗಿನ ಎಲ್ಲ ಅಣ್ಣಂದಿರಿಗೂ ಛೀಮಾರಿ ಹಾಕಿದೆ. ಹೆಂಡತಿ ಸಾರು ಬಡಿಸುತ್ತ ಕೇಳಿದಳು:

“ವಜ್ರಳ್ಳಿಲಿ ಎನ್ನ ಅಣ್ಣ ನಾಗಪತಿ ಎನ್ನ ಹತ್ರ ಸಹಿ ಹಾಕಿಸ್ಕಂಡ ಕಾಗದಕ್ಕೆ ಸಾಕ್ಷಿ ಹಾಕಿದ್ದು ಯಾರು, ನೆನಪಿದ್ದಾ?”

ನೆನಪಿತ್ತು. ಹದಿನಾರು ವರ್ಷಗಳ ಹಿಂದೆ ಆ ಕಾಗದದ ಕೆಳಗೆ ದುಂಡಗೆ ಸಹಿ ಮಾಡಿ, ನಾಗಪತಿಯಂತಹ ಸಜ್ಜನ ಊರಿಗೊಬ್ಬನಿರಬೇಕು ಎಂದು ಭಾಷಣವನ್ನೂ ಮಾಡಿ ಬಂದಿದ್ದೆ. ಮಾನ ಉಳಿಸಿಕೊಳ್ಳಲು ಎಲೆಯ ಮುಂದೆಯೇ ಗುಡುಗಿದೆ: ನಾಳೆಯೇ ವಜ್ರಳ್ಳಿಗೆ ಹೋಗಿ ಅವನನ್ನು ವಿಚಾರಿಸುತ್ತೇನೆ!

“ನಿಂಗ ಬಪ್ಪದು ಬ್ಯಾಡ. ರೋಹಿಣಿ ಬತ್ತು,” ಎಂದಳು ಹೆಂಡತಿ.

ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೇಬಿಟ್ಟರು. ಮಧ್ಯಾಹ್ನದ ಅನ್ನಕ್ಕೆ ಅಕ್ಕಿಯ ಡಬ್ಬ ಎಲ್ಲಿದೆಯೆಂದು ಬಾಗಿಲವರೆಗೆ ಓಡಿ ಕೇಳಿದೆ. ಚಪ್ಪಲಿ ಮೆಟ್ಟುತ್ತಿದ್ದ ರೋಹಿಣಿ ತಲೆಯೆತ್ತದೆ ಹೇಳಿದಳು:

“ಎನ್ನ ಅರ್ಧದಲ್ಲಿ ಇಲ್ಲೆ, ಅಣ್ಣಯ್ಯಾ. ನಿನ್ನ ಅರ್ಧದಲ್ಲಿ ಹುಡ್ಕು.”