ಗಿಣ್ಣುಹಾಲಿಗೆ ಕಾವಲು

ಕರೆಂಟು ಹೋದರೆ ಸಂತೋಷಪಡುವ ಜನ ಲೋಕದಲ್ಲಿ ಕಡಿಮೆ. ಆ ಕಡಿಮೆಯವರಲ್ಲಿ ನಾನೂ ಒಬ್ಬ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಫ್ಯಾನು ನಿಲ್ಲುತ್ತದೆ, ಪಕ್ಕದ ಮನೆಯ ಟೀವಿಯಲ್ಲಿ ಅಳುತ್ತಿದ್ದ ಸೊಸೆ ಅರ್ಧಕ್ಕೇ ಸುಮ್ಮನಾಗುತ್ತಾಳೆ, ಮಿಕ್ಸಿ ಚಟ್ನಿಯನ್ನು ನುಣ್ಣಗೆ ಮಾಡದೆ ಕೈಬಿಡುತ್ತದೆ. ಆಮೇಲೆ ನಮ್ಮ ಕೊಂಬೈ ಊರು ತನ್ನ ಸ್ವಂತ ಸದ್ದುಗಳನ್ನು ಒಂದೊಂದಾಗಿ ಹೊರಗೆ ತರುತ್ತದೆ. ಬೆಟ್ಟದಿಂದ ಇಳಿದ ಗಾಳಿ ತೆಂಗಿನ ಗರಿಗಳನ್ನು ಸವರಿಕೊಂಡು ಹೋಗುವುದು, ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದು, ಎಲ್ಲೋ ಯಾರೋ ಬಾವಿಯಿಂದ ನೀರು ಸೇದುವುದು. ಇವನ್ನು ಕೇಳುತ್ತ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗೂಡಲೂರಿನಲ್ಲಿ ನನ್ನದೊಂದು ಹನಿ ನೀರಾವರಿ ಪೈಪಿನ ಅಂಗಡಿ ಇದೆ. ಅಲ್ಲಿ ಕರೆಂಟು ಹೋದಾಗ ನಾನು ಹೀಗೇ ಕೂತುಬಿಡುತ್ತೇನೆಂದೂ, ಗಿರಾಕಿಗಳು ತಾವೇ ಪೈಪು ಅಳೆದುಕೊಂಡು ಹೋಗುತ್ತಾರೆಂದೂ ನನ್ನ ಹೆಂಡತಿ ಸೆಲ್ವಿ ಕಂಡವರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಅರ್ಧ ಸುಳ್ಳು.

ಆದರೆ ಆ ಭಾನುವಾರ ಕರೆಂಟು ಹೋದಾಗ ನನಗೆ ಸಂತೋಷವಾಗಲಿಲ್ಲ. ಕಾರಣ ನಮ್ಮ ಹಸು. ಎರಡು ದಿನದ ಹಿಂದೆ ಅದು ಈದಿತ್ತು. ನಮ್ಮ ಮನೆಗಳಲ್ಲಿ ಹಸು ಈದಾಗ ಬರುವ ಗಿಣ್ಣುಹಾಲನ್ನು ಮಾರುವಂತಿಲ್ಲ, ಚೆಲ್ಲುವಂತಿಲ್ಲ, ಒಬ್ಬರೇ ತಿನ್ನುವಂತಂತೂ ಇಲ್ಲವೇ ಇಲ್ಲ. ದೇವರಿಗೆ ಎಡೆ ಇಟ್ಟ ಮೇಲೆ ಮೊದಲ ಪಾಲು ಆ ಮನೆಯಲ್ಲಿ ಹುಟ್ಟಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳಿಗೆ. ನಮ್ಮ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಹಿರಿಯಳು ರಂಗಮ್ಮತ್ತೆ, ನನ್ನ ತಂದೆಯ ಅಕ್ಕ. ಚಿನ್ನಾಳಪಟ್ಟಿಯಲ್ಲಿ ಮಗನ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಇರುತ್ತಾಳೆ. ಅಲ್ಲಿ ಪ್ಯಾಕೆಟ್ ಹಾಲಿದೆ, ಗಿಣ್ಣು ಎಲ್ಲಿಂದ ಬರಬೇಕು? ಹಸು ಈದ ಸುದ್ದಿ ಕೇಳಿ ಫೋನಿನಲ್ಲಿ ಅವಳು, “ನನ್ನ ಪಾಲು ಎತ್ತಿಡು ಸಾಮಿ. ಭಾನುವಾರ ಬತ್ತೀನಿ. ಗಿಣ್ಣು ತಿಂದು ರೊಂಬ ವರ್ಷ ಆಯ್ತು,” ಎಂದಳು. ಎಂಬತ್ತು ದಾಟಿದ ಮುದುಕಿ ಗಿಣ್ಣು ತಿನ್ನಲು ಎರಡು ಬಸ್ಸು ಹತ್ತಿ ಬರುವುದೆಂದರೆ ಸಾಮಾನ್ಯವೇ? ಹಿಡಿಕೆಯ ತೂಕ್ಕು ಪಾತ್ರೆಯ ತುಂಬ ಹಾಲು ತುಂಬಿ ಫ್ರಿಜ್ಜಿನಲ್ಲಿಟ್ಟೆವು. ಅವಳು ಬಂದ ಮೇಲೆ ಬೆಲ್ಲ, ಏಲಕ್ಕಿ ಹಾಕಿ ಬಿಸಿಬಿಸಿಯಾಗಿ ಬೇಯಿಸುವುದೆಂದು ಮಾತಾಯಿತು.

ಆಷಾಢದ, ನಮ್ಮ ಆಡಿ ತಿಂಗಳ, ಗಾಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಬೆಳಿಗ್ಗೆ ತಿಂಡಿ ಮುಗಿಯುವ ಹೊತ್ತಿಗೆ ಒಂದು ತೆಂಗಿನ ಗರಿಯನ್ನು ಕಿತ್ತು ತಂದು ಕರೆಂಟಿನ ತಂತಿಯ ಮೇಲೆ ಹಾಕಿತು. ತಕ್ಷಣ ನಾನು ದಿಂಡಿಗಲ್ಲಿನಲ್ಲಿ ನರ್ಸಾಗಿರುವ ಮಗಳು ಕವಿತಾಗೆ ಫೋನು ಮಾಡಿದೆ. ಅವಳು ಮನೆಯಲ್ಲಿ ನಮ್ಮ ಕನ್ನಡ ಆಡುವುದು ಅಪರೂಪ, ತಮಿಳೇ ಹೆಚ್ಚು. ಗದರಿಸಬೇಕಾದಾಗ ಮಾತ್ರ ಕನ್ನಡ ತಾನಾಗಿ ಬರುತ್ತದೆ. “ಅಪ್ಪಾ, ಕದ ತೆಗೀಬೇಡ. ಮುಚ್ಚೇ ಇಟ್ರೆ ನಾಲ್ಕು ಮಣಿ ನೇರ ತಾಂಗ್ತದೆ. ಅದಕ್ಕೆ ಮೇಲೆ ಹೋದ್ರೆ ಹಾಲು ಬೇಡ. ಮೂಸಿ ನೋಡಿ ಒಳ್ಳೇದದೆ ಅನ್ಬೇಡ, ಬೇಯಿಸಿದ್ರೂ ಬೇಡ. ರಂಗಮ್ಮ ಪಾಟಿಗೆ ವಯಸ್ಸಾಗ್ಯದೆ, ಹೊಟ್ಟೆ ಕೆಟ್ರೆ ತಾಂಗಲ್ಲ,” ಎಂದಳು.

ನಾಲ್ಕು ಗಂಟೆ ಹೊತ್ತು ಕದ ತೆಗೆಯಬಾರದು. ಅಷ್ಟೇ ತಾನೆ! ಇಷ್ಟು ಸುಲಭದ ಕೆಲಸ ನನಗೆ ಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಫ್ರಿಜ್ಜಿನ ಮುಂದೆ ಹಾಕಿಕೊಂಡು ಕುಳಿತೆ.

ಆದರೆ ನಮ್ಮ ಕಡೆ ಕರೆಂಟು ಹೋದರೆ ಜನ ಮನೆಯಲ್ಲಿ ಕೂರುವುದಿಲ್ಲ. ನಿಮ್ಮ ಮನೆಯಲ್ಲೂ ಹೋಗಿದೆಯೇ ಎಂದು ಕೇಳಲು ಹೊರಡುತ್ತಾರೆ. ಕೇಳಲು ಬಂದವರಿಗೆ ಮಜ್ಜಿಗೆ ಕೊಡದೆ ಕಳಿಸಿದರೆ ಆ ಮನೆಯ ಮಾನ ಹೋದಂತೆ. ಮಜ್ಜಿಗೆ ಇರುವುದು ಫ್ರಿಜ್ಜಿನಲ್ಲಿ. ಮೊದಲು ಬಂದವರು ಎದುರು ಮನೆಯ ಪೆರುಮಾಳಣ್ಣ. ನಾನು ಮಣ್ಣಿನ ಗಡಿಗೆಯಿಂದ ಒಂದು ಲೋಟ ನೀರು ಕೊಟ್ಟು, ಮುಚ್ಚಿದ ಬಾಗಿಲಿನ ಮಹಿಮೆಯನ್ನು ವಿವರಿಸಿದೆ. ಅವರು ನೀರನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. “ಪೈಪ್ ಅಂಗ್ಡಿಕಾರನ ಮನೆ ತಾನೆ ತಂಬಿ. ನೀರು ಬಿಟ್ರೆ ಬೇರೆ ಏನ್ ಬತ್ತದೆ?” ಎಂದು ಲೋಟ ಕೆಳಗಿಟ್ಟು ಹೋದರು. ಹೋದವರು ಬೀದಿಯಲ್ಲಿ ಏನು ಹೇಳಿದರೋ, ಅವರ ಹಿಂದೆ ಇನ್ನೂ ಮೂರು ನಾಲ್ಕು ಜನ ಬಂದರು. ಅವರಲ್ಲಿ ಯಾರಿಗೂ ಬಾಯಾರಿಕೆ ಇದ್ದಂತೆ ಕಾಣಲಿಲ್ಲ. ಎಲ್ಲರಿಗೂ ಫ್ರಿಜ್ಜಿಗೆ ಕಾವಲು ಕೂತ ಮನುಷ್ಯನನ್ನು ನೋಡಬೇಕಾಗಿತ್ತು.

ಸೆಲ್ವಿ ಸಾಂಬಾರಿಗೆ ಕೊತ್ತಂಬರಿ ಬೇಕೆಂದು ಬಂದಳು. ಕೊಡಲಿಲ್ಲ. “ಎನ್ನಂಗ, ಇದೇನು ಫ್ರಿಜ್ಜಾ, ಗರ್ಭಗುಡಿಯಾ?” ಎಂದಳು. ಪೂಜಾರಿಯೂ ಒಮ್ಮೊಮ್ಮೆ ತೆರೆ ಸರಿಸುತ್ತಾನೆ, ನಾನು ಅದನ್ನೂ ಮಾಡುವುದಿಲ್ಲ ಎಂದೆ. ಅವಳು ಕೈಮುಗಿದು, ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಕಡೆ ಹೋದಳು.

ಧೂಳು ಬಾರದಿರಲೆಂದು ಕಿಟಕಿಗಳನ್ನು ಮುಚ್ಚಿದ್ದರಿಂದ ಅಡುಗೆಮನೆಯಲ್ಲಿ ಅರೆಗತ್ತಲೆ. ಸೆಕೆ ಬೇರೆ. ಹೊರಗೆ ಗಾಳಿ ಇಡೀ ಕಣಿವೆಯನ್ನು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಮುಚ್ಚಿದ ಬಾಗಿಲಿನ ಆಚೆ ಏನು ನಡೆಯುತ್ತಿರಬಹುದು ಎಂದು ಯೋಚಿಸತೊಡಗಿದೆ. ಅಲ್ಲಿ ಬೇಸಿಗೆಯೇ ಇಲ್ಲದ ಒಂದು ಸಣ್ಣ ಊರಿದೆ. ಟೊಮೇಟೊಗಳು ಹೊದ್ದುಕೊಂಡು ಮಲಗಿವೆ. ನಮ್ಮ ತೋಟದ ಪನ್ನೀರು ದ್ರಾಕ್ಷಿಯ ಗೊಂಚಲು ಕತ್ತಲೆಯಲ್ಲಿ ತನ್ನಷ್ಟಕ್ಕೆ ತಾನು ಸುವಾಸನೆ ಬೀರುತ್ತಿದೆ. ನಡುವೆ ಊರಗೌಡನ ಹಾಗೆ ತೂಕ್ಕು ಪಾತ್ರೆ. ಹಳದಿ ಬಣ್ಣದ, ದಪ್ಪನೆಯ ಹಾಲು. ಅದು ಬೆಂದು, ಗಟ್ಟಿಯಾಗಿ, ಬಿಲ್ಲೆಗಳಾಗಿ, ಅತ್ತೆಯ ತಟ್ಟೆಗೆ ಬೀಳುತ್ತದೆ. ಅತ್ತೆ ಒಂದು ಬಿಲ್ಲೆ ಬಾಯಿಗಿಟ್ಟು ಕಣ್ಣು ಮುಚ್ಚುತ್ತಾಳೆ. ಅವಳ ಮುಖದ ಸುಕ್ಕು ಒಂದೊಂದೇ ಇಳಿದು, ಎರಡು ಜಡೆಯ ಹುಡುಗಿಯೊಬ್ಬಳು ಇದೇ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ. ನಾನಿನ್ನೂ ಹುಟ್ಟಿಲ್ಲ. ಹಿತ್ತಲಲ್ಲಿ ಯಾರದೋ ಹಸುವಿನ ಗಂಟೆ. ಏಲಕ್ಕಿಯ ಪರಿಮಳ ಬೆಟ್ಟದಿಂದಲೇ ಬರುತ್ತಿದೆಯೋ, ತಟ್ಟೆಯಿಂದಲೋ. ತಂಪಾದ, ಬಹಳ ತಂಪಾದ ಗಾಳಿಯೊಂದು ನನ್ನ ಮುಖವನ್ನು ಮುಟ್ಟಿ, ಕುತ್ತಿಗೆಯನ್ನು ಬಳಸಿ ಹೋಗುತ್ತಿದೆ. ಆಹಾ, ಎಂಥ ಸುಖ.

ಆಗ ಬೆಳಕಾಯಿತು. ಹಳದಿಯ ಒಂದು ಚಿಕ್ಕ ಬೆಳಕು ನೇರವಾಗಿ ನನ್ನ ಕಣ್ಣಿಗೆ ಬಿತ್ತು. ತಲೆಯ ಮೇಲೆ ಫ್ಯಾನು ತಿರುಗಿತು, ಪಕ್ಕದ ಮನೆಯ ಟೀವಿಯ ಸೊಸೆ ಅಳು ಮುಂದುವರಿಸಿದಳು. ಕರೆಂಟು ಬಂದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಫ್ರಿಜ್ಜಿನೊಳಗಿನ ಬಲ್ಬು. ಬಾಗಿಲು ಹಾರುಹೊಡೆದಿತ್ತು. ಅದರ ಹಿಡಿಯ ಮೇಲಿದ್ದದ್ದು ನನ್ನದೇ ಕೈ, ಗಲ್ಲವನ್ನು ಮೊಸರಿನ ಪಾತ್ರೆಗೆ ಆನಿಸಿ ಕುಳಿತವನು ನಾನೇ.

ಹಿತ್ತಲ ಬಾಗಿಲಲ್ಲಿ ಖಾಲಿ ಬಕೆಟ್ಟು ಹಿಡಿದು ಸೆಲ್ವಿ ನಿಂತಿದ್ದಳು. “ಸೋಪು ತೆಗೆಯಕ್ಕೆ ಬಂದಾಗ್ಲೇ ಕದ ತೆಗೆದು ಕೂತಿದ್ರಿ. ಮಗಳು ಏನೋ ನೋಡಕ್ಕೆ ಹೇಳಿದ್ದಾಳೆ ಅಂತ ನಾ ಸುಮ್ನಾದೆ. ಒಗೆದು, ಹಿಂಡಿ, ಒಣಗಾಕಿ ಬಂದೆ. ಇನ್ನೂವಾ?” ಎಂದಳು.

ತೂಕ್ಕು ಪಾತ್ರೆಯನ್ನು ಮುಟ್ಟಿದೆ. ನನ್ನ ಕೈಯಷ್ಟೇ ಬೆಚ್ಚಗಿತ್ತು. ಬಾಗಿಲು ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಕರೆಂಟು ಮಗಳು ಹೇಳಿದ ಹೊತ್ತಿನೊಳಗೇ ಬಂದಿತ್ತು. ಹಸುವಿನಲ್ಲೂ ಗಿಣ್ಣು ಮುಗಿದು, ಬೆಳಗಿನಿಂದ ಬರೀ ಹಾಲು ಇಳಿಯುತ್ತಿತ್ತು. ಊರವರಿಂದೆಲ್ಲ ಆ ಹಾಲನ್ನು ಕಾಪಾಡಿ ಕೊನೆಗೆ ನಾನೇ ಅದನ್ನು ಕಳೆದಿದ್ದೆ.

ಸಂಜೆ ಅತ್ತೆ ಬಂದಳು. ಕೈಯಲ್ಲಿ ಸೆಲ್ವಿಗೊಂದು ಚಿನ್ನಾಳಪಟ್ಟಿ ಸೀರೆ, ಮುಖದ ತುಂಬ ಹಸಿವು. ನಾನು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಅವಳು ಪಾತ್ರೆ ತರಿಸಿ ಮೂಸಿದಳು. “ಒಳ್ಳೇದೇ ಅದೆ, ಸಾಮಿ. ಬೇಯಿಸು. ಈ ವಯಸ್ಸಲ್ಲಿ ಇನ್ನು ನಂಗೇನ್ ಆಗ್ತದೆ?” ಎಂದಳು. ಕೊಟ್ಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ನನ್ನ ತಪ್ಪೂ ಅದರ ಜೊತೆ ಬೆಂದುಹೋಗುತ್ತಿತ್ತು. ಆದರೆ ಆ ಸಣಕಲು ಕೈಗಳನ್ನು ನೋಡಿ ಭಯವಾಯಿತು. ಬೇಡ ಅತ್ತೆ, ನಿನ್ನ ಕಾಲಿಗೆ ಬೀಳುತ್ತೇನೆ, ಬೇಡ ಎಂದೆ.

ಗಿಣ್ಣುಹಾಲನ್ನು ಕಾಲು ತುಳಿಯುವ ಜಾಗದಲ್ಲಿ ಸುರಿದರೆ ಹಸುವಿನ ಕೆಚ್ಚಲು ಬತ್ತುತ್ತದೆ ಎನ್ನುವುದು ನಮ್ಮವರ ನಂಬಿಕೆ. ಹಾಗಾಗಿ ಹಿತ್ತಲ ಮೂಲೆಯ ತೆಂಗಿನ ಬುಡಕ್ಕೆ ಒಯ್ದೆವು. ಸುರಿಯುವುದನ್ನು ಅತ್ತೆ ನನ್ನ ಕೈಗೆ ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ನಿಧಾನವಾಗಿ ಸುರಿದಳು. ಕೊನೆಯ ಹನಿ ಇಳಿಯುವ ತನಕ ಪಾತ್ರೆಯನ್ನು ಬಗ್ಗಿಸಿ ಹಿಡಿದಿದ್ದಳು. ಆಮೇಲೆ ಕೊಟ್ಟಿಗೆಗೆ ಹೋಗಿ ಕರುವಿನ ಹಣೆ ಸವರಿ, ಹಸುವಿನ ಕಿವಿಯ ಹತ್ತಿರ ಏನೋ ಹೇಳಿದಳು. ನನ್ನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಕೋಪವಿರಲಿಲ್ಲ. “ಇನ್ನೊಂದು ದಪ ಈಯ್ತದೆ. ನಾ ಅಲ್ಲೀಗಂಟ ಬದುಕಿದ್ದು ಬತ್ತೀನಿ, ಇದರ ಕಿವೀಲಿ ಹೇಳಿದ್ದೀನಿ. ಅವತ್ತು ಕರೆಂಟು ಇರ್ಲಿ, ಹೋಗ್ಲಿ. ನೀ ಮಾತ್ರ ಮನೇಲಿ ಇರ್ಬೇಡ, ಸಾಮಿ,” ಎಂದಳು.

ಹಸು ಈಗ ಮತ್ತೆ ಗಬ್ಬವಾಗಿದೆ. ಚಿನ್ನಾಳಪಟ್ಟಿಯಿಂದ ವಾರಕ್ಕೊಮ್ಮೆ ಫೋನು ಬರುತ್ತದೆ. ಅತ್ತೆ ಮೊದಲು ಹಸುವಿನ ಆರೋಗ್ಯ ವಿಚಾರಿಸಿ, ಆಮೇಲೆ ನನಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಇದೆ ತಾನೆ ಎಂದು ಕೇಳುತ್ತಾಳೆ. ಇದೆ ಎಂದು ಸೆಲ್ವಿ ಹೇಳುತ್ತಾಳೆ.