ಹೀಟ್ ಪಂಪಿನ ತಂಪು ಗಾಳಿಯಿಂದ ಉಂಟಾದ ಸ್ಥಳಾಭಾವದ ಕುರಿತು

ಇಂದ:
ಈಶ್ವರ್, ಪತಿ (ಖಾಯಂ),
ಗುಮಾಸ್ತ, ಕಾಲುವೆ ಕಚೇರಿ, ಟಿ.ಬಿ. ಡ್ಯಾಂ.
ಹಾಲಿ ವಾಸ: ಸ್ವಂತ ಮನೆಯ ಬಾಗಿಲ ಬಳಿ, ಹೊಸಪೇಟೆ.

ಗೆ:
ಶ್ರೀಮತಿ ಕಾವ್ಯ, ಮನೆ ಯಜಮಾನಿ, ಅದೇ ಮನೆ.

ವಿಷಯ: ಕಂಪ್ಲಿಗೆ ವರ್ಗಾವಣೆ ಕೋರಿ.

ಉಲ್ಲೇಖ: ತಮ್ಮ ಮೌಖಿಕ ಆದೇಶ, "ಅಪ್ಪನ ಮುಂದ ಕರೆಂಟಿನ ಮಾತು ಎತ್ತಬ್ಯಾಡ್ರಿ."

ಮಾನ್ಯರೇ,

ಸದರಿ ಆದೇಶದಂತೆ ಬಾಯಿ ಬಿಡುವಂತಿಲ್ಲವಾದ ಕಾರಣ, ಬರೆದು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಕರೆಂಟ್ ಉಳಿಸಲೆಂದು ದಪ್ಪ ಗೋಡೆ ಕಟ್ಟಿಸಿ, ಮಾಳಿಗೆಗೆ ಬಿಳಿ ಬಣ್ಣ ಬಳಿಸಿ, ಕೊನೆಗೆ ಗೀಸರ್ ಕಿತ್ತು ಹೀಟ್ ಪಂಪ್ ಹಾಕಿಸಿದೆವಷ್ಟೆ. ಅದು ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ; ಗೀಸರ್ ತಿನ್ನುತ್ತಿದ್ದ ಕರೆಂಟಿನ ಮೂರರಲ್ಲೊಂದು ಪಾಲು ಅದಕ್ಕೆ ಸಾಕು. ಬಿಸಿ ಕಳೆದುಕೊಂಡ ಗಾಳಿ ತಂಪಾಗಿ ಹಿತ್ತಲ ಪಡಸಾಲೆಗೆ ಬರುತ್ತದೆ. ಅಲ್ಲೇ ನಾವಿಬ್ಬರೂ ಸಂಜೆ ಚಹಾ ಕುಡಿಯುತ್ತ ಓಣಿಯವರ ಸುದ್ದಿ ಮಾತಾಡುತ್ತಿದ್ದೆವು. ದಿನದಲ್ಲಿ ನನಗೆ ಬಲು ಇಷ್ಟವಾದ ಹೊತ್ತು ಅದು.

2. ಕಂಪ್ಲಿಯಿಂದ ಅಕ್ಕಿ ಚೀಲ ಕೊಟ್ಟುಹೋಗಲು ಬಂದ ತಮ್ಮ ತಂದೆ ದೊಡ್ಡಬಸಪ್ಪನವರು ಆ ಗಾಳಿಗೆ ಕುಳಿತರು. ಏಳಲಿಲ್ಲ. ನೀರು ಕಾದು ಯಂತ್ರ ನಿಂತಾಗ, "ಅಳಿಯಂದ್ರ, ಗಾಳಿ ಯಾಕ ನಿಂತೈತಿ?" ಎಂದರು. "ಬಿಸಿನೀರು ಖರ್ಚಾದ್ರ ಮತ್ತ ಶುರು ಆಗ್ತೈತ್ರಿ ಮಾವಾರ" ಎಂದೆ.

3. ಅಂದಿನಿಂದ ಮನೆಗೆ ಕಾಲಿಟ್ಟವರಿಗೆಲ್ಲ ಸ್ನಾನ ಕಡ್ಡಾಯವಾಗಿದೆ. ಹಾಲು ಹಾಕುವ ಮುರುಗೇಶನಿಗೂ ಮಾವನವರು, "ಬಾರಲೇ, ಜಲ್ದಿ ಎರಡು ಬಕೀಟು ಬಿಸಿನೀರು ಹಾಕ್ಕೊಂಡು ಹೋಗು" ಎಂದರು. ಇಂಥ ಬಿಸಿಲಲ್ಲಿ ಆತ ಮಿಂದು, ಬೆವರುತ್ತ ಹೋದ. ಆದ್ದರಿಂದ ಮೀಟರು ಗೀಸರಿನ ಕಾಲವನ್ನೂ ಮೀರಿ ಓಡುತ್ತಿದೆ. ಗಣಪನ ಮಾಡಲು ಹೋಗಿ ಅವರಪ್ಪನ ಮಾಡಿದ ಎಂಬ ಗಾದೆಯುಂಟು. ನಮ್ಮಲ್ಲಿ ಆಗಿರುವುದು ತಮ್ಮಪ್ಪನವರು.

4. ಅವರನ್ನು ಕರೆದೊಯ್ಯಲು ಬಂದ ಅತ್ತೆ ನೀಲಗಂಗಮ್ಮನವರು, "ಅಯ್ಯ, ಭಾಳ ತಂಪೈತಿ ಬಿಡ್ರಿ" ಎಂದು ಪಕ್ಕದಲ್ಲೇ ಚಾಪೆ ಹಾಸಿದರು. ಹಿರಿಯರು ಬಂದದ್ದು ಸಂತೋಷವೇ; ಅತ್ತೆಯವರ ಶೇಂಗಾ ಚಟ್ನಿಯ ವಿರುದ್ಧ ನನ್ನದೇನೂ ತಕರಾರಿಲ್ಲ. ಆದರೆ ತಾವು ಒಲೆಯ ಮುಂದೆ, ನಾನು ಬಾಗಿಲ ಬಳಿ. ನಮ್ಮಿಬ್ಬರ ನಡುವೆ ಉಳಿದಿರುವ ಮಾತು "ಒಣ ಟವೆಲ್ ಐತೇನ್ರಿ?" ಎಂಬುದೊಂದೇ. ನನಗೆ ತಮ್ಮೊಡನೆ ಕೂತು ಮಾತಾಡಬೇಕಾಗಿದೆ. ವಿಷಯವೇನೂ ಇಲ್ಲ, ಸುಮ್ಮನೆ.

ಆದ್ದರಿಂದ, ಕಂಪ್ಲಿಯ ತಮ್ಮ ತವರುಮನೆಯಲ್ಲಿ ಸದ್ಯ ಎರಡು ಸ್ಥಾನ ಖಾಲಿ ಇರುವ ಕಾರಣ, ಸೆಕೆಯಿದ್ದರೂ ಸರಿ, ನನ್ನನ್ನು ತಕ್ಷಣ ಅಲ್ಲಿಗೆ ವರ್ಗಾಯಿಸಬೇಕಾಗಿ ವಿನಂತಿ. ಕಚೇರಿಗೆ ಬಸ್ಸಿನಲ್ಲಿ ಓಡಾಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಮದುವೆಯಾದಾಗಿನಿಂದಲೂ,
ಈಶ್ವರ್

ಲಗತ್ತು:
ಅ) ಕರೆಂಟ್ ಬಿಲ್ (ಮಾವನವರೆದುರು ಬಿಚ್ಚತಕ್ಕದ್ದಲ್ಲ)
ಆ) ಒದ್ದೆ ಟವೆಲ್, ಮಾದರಿಗಾಗಿ ಒಂದು

ಪ್ರತಿ: ಯಾರಿಗೂ ಇಲ್ಲ.

ವಿ.ಸೂ.: ಸರ್ಕಾರಿ ನೌಕರರಲ್ಲಿ ಗಂಡ ಹೆಂಡತಿಯನ್ನು ಒಂದೇ ಊರಿಗೆ ಹಾಕುವ 'ಪತಿ-ಪತ್ನಿ ಪ್ರಕರಣ' ಎಂಬ ಅವಕಾಶವಿದೆ. ಸದರಿ ಅವಕಾಶದಡಿ ತಾವೂ ನನ್ನೊಂದಿಗೆ ವರ್ಗವಾಗಿ ಬರತಕ್ಕದ್ದು. ಭಾನುವಾರ ಬೆಳಿಗ್ಗೆ ಕಂಪ್ಲಿ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಿರುತ್ತೇನೆ.